ಮರದ ಬೆನ್ನಿಗೆ ಬಣ್ಣ

ಮೊಂಡುತನವೇ ಮೈವೆತ್ತಂಥ ಮನುಷ್ಯ ಆತ. ತಪ್ಪು ಕಣ್ಣಿಗೆ ರಾಚುವಂತಿದ್ದರೂ "ಹೌದು, ನನ್ನಿಂದಲೇ ಆಯಿತು" ಎಂಬ ಮಾತು ಅರವತ್ತಾರು ವರ್ಷಗಳಲ್ಲಿ ಆತನ ಬಾಯಿಂದ ಹೊರಟದ್ದನ್ನು ಕೇಳಿದವರಿಲ್ಲ. ಇದನ್ನು ಇನ್ನಷ್ಟು ಮೆತ್ತಗೆ ಹೇಳಬಹುದು. ಆದರೆ ಮೆತ್ತಗೆ ಹೇಳಿದರೆ ಅದು ಬೇರೆ ಯಾರದೋ ಕಥೆಯಾಗುತ್ತದೆ.

ಸೊಸೆಗೆ ಇದು ಮದುವೆಯಾಗಿ ಬಂದ ಮೊದಲ ವಾರದಲ್ಲೇ ಗೊತ್ತಾಯಿತು. ಅತ್ತೆಯ ತಂಗಿಯ ಮನೆಗೆ ಎಲ್ಲರೂ ಹೊರಟಿದ್ದರು. ಮಾವ "ನಿಮ್ಮ ಜೊತೆ ಬಂದರೆ ನಾಳೆ ಮುಟ್ಟುತ್ತೇವೆ" ಎಂದು ಗೊಣಗುತ್ತ ಮುಂದೆ ಹೋದರು. ಉಳಿದವರು ಮೂರನೇ ಮಹಡಿ ಹತ್ತಿ ನೋಡಿದರೆ ಮಾವ ಇಲ್ಲ. ಹುಡುಕಿದಾಗ ಎರಡನೇ ಮಹಡಿಯಲ್ಲಿ, ಗುರುತು ಪರಿಚಯ ಇಲ್ಲದವರ ಮನೆಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಆ ಮನೆಯವರು ಇವರನ್ನು ನಲ್ಲಿ ರಿಪೇರಿಯವರೆಂದು ತಿಳಿದು, ಮೊದಲು ಚಹಾ ಕೊಟ್ಟು ಆಮೇಲೆ ಕೆಲಸ ಹೇಳೋಣ ಎಂದು ಕಾಯುತ್ತಿದ್ದರು.

"ರೀ, ಇದು ನನ್ನ ತಂಗಿ ಮನೆ ಅಲ್ಲ," ಅಂದರು ಅತ್ತೆ, ಬಾಗಿಲಲ್ಲೇ ನಿಂತು.

"ಗೊತ್ತು," ಅಂದರು ಮಾವ. "ಇವರ ಚಹಾ ಚೆನ್ನಾಗಿರುತ್ತೆ, ಅದಕ್ಕೇ ಬಂದೆ."

ಮಾವ ಬಸ್ ಡಿಪೋದಲ್ಲಿ ಪೇಂಟರ್ ಆಗಿದ್ದವರು. ಮೂವತ್ತೊಂದು ವರ್ಷ ಬಸ್ಸುಗಳ ಹಣೆಯ ಮೇಲೆ ನಂಬರು, ಊರು, ದಾರಿ ಎಲ್ಲ ಬರೆದದ್ದು ಅವರ ಕೈ. ಒಮ್ಮೆ ಇಪ್ಪತ್ತೇಳು ಎಂದು ಬರೆಯಬೇಕಾದ ಕಡೆ ಎಪ್ಪತ್ತೆರಡು ಬರೆದುಬಿಟ್ಟಿದ್ದರು. ಅಂದು ಬೆಳಿಗ್ಗೆ ಅರ್ಧ ಊರು ಹೋಗಬಾರದ ಕಡೆಗೆ ಹೋಯಿತು. ಮ್ಯಾನೇಜರು ಕರೆಸಿ ಕೇಳಿದರೆ, "ಹತ್ತೋ ಮುಂಚೆ ಒಂದು ಮಾತು ಕೇಳಬಾರದಾ ಸಾರ್? ಬಾಯಿ ಅನ್ನೋದು ಇರೋದು ಯಾತಕ್ಕೆ?" ಎಂದರು. ಆ ಬಸ್ಸಿನ ನಂಬರನ್ನು ಅಳಿಸಿ ಮತ್ತೆ ಬರೆದರು ನಿಜ. ಬರೆಯುವಾಗಲೂ ತಪ್ಪು ಓದಿದವರದೇ ಎಂದು ಹೇಳುತ್ತಲೇ ಇದ್ದರು.

ಆಮೇಲೆ ಬಸ್ಸುಗಳಿಗೆ ದೀಪದ ಬೋರ್ಡು ಬಂತು. ಗುಂಡಿ ಒತ್ತಿದರೆ ಊರಿನ ಹೆಸರು ತಾನೇ ಓಡುತ್ತದೆ. ಹಳೆಯ ತಗಡುಗಳೆಲ್ಲ ಒಂದೇ ದಿನ ಲಾರಿ ಹತ್ತಿ ಗುಜರಿಗೆ ಹೋದವು. ಮಾವ ಆ ಲಾರಿಯ ಹಿಂಬದಿಯ ಹಗ್ಗ ಸಡಿಲವಾಗಿದೆಯೆಂದು ಡ್ರೈವರನಿಗೆ ಬೈದು, ಬಿಗಿಯಾಗಿ ಕಟ್ಟಿಸಿ ಕಳಿಸಿದರು. ಮುಂದಿನ ತಿಂಗಳು ನಿವೃತ್ತರಾಗಿ ಮನೆಗೆ ಬಂದರು.

ಮನೆಯಲ್ಲಿ ಅವರಿಗೆ ಕೈ ಸುಮ್ಮನಿರಲಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದರು. ಸ್ವಿಚ್ಚುಗಳಿಗೆ ಬರೆದರು. ಬಚ್ಚಲಮನೆಯ ಬಕೆಟ್ಟಿಗೆ "ಬಕೆಟ್" ಎಂದು ಬರೆದಾಗ ಅತ್ತೆಗೆ ತಡೆಯದಾಯಿತು.

"ಅಮ್ಮಾ ತಾಯಿ, ಇವರನ್ನ ಎಲ್ಲಿಗಾದರೂ ಕರ್ಕೊಂಡು ಹೋಗು," ಎಂದು ಸೊಸೆಗೆ ಗೋಗರೆದರು. "ಇನ್ನು ಉಳಿದಿರೋದು ನನ್ನ ಹಣೆ ಒಂದೇ. ನಾಳೆ ಬೆಳಿಗ್ಗೆ ಎದ್ದರೆ ಅಲ್ಲಿ 'ಹೆಂಡತಿ' ಅಂತ ಬರೆದಿರ್ತಾರೆ."

ಸೊಸೆ ಬಸ್ ಓಡಿಸುವವಳು. ಇಪ್ಪತ್ತೇಳನೇ ನಂಬರಿನ ಬಸ್ಸು ಅವಳದು. ಟಿಕೆಟ್ಟೂ ಅವಳೇ ಕೊಡಬೇಕು. ಊರ ನಡುವಿನ ನಿಲ್ದಾಣದಿಂದ ಹೊರಟು ಮಾರುಕಟ್ಟೆ, ಆಸ್ಪತ್ರೆ, ನೀರಿನ ಟ್ಯಾಂಕು ದಾಟಿ ಐವತ್ತು ನಿಮಿಷದಲ್ಲಿ ಕಾಡಿನ ಅಂಚು ಮುಟ್ಟುತ್ತದೆ. ಕೊನೆಯ ಸ್ಟಾಪಿನಲ್ಲಿ ಒಂದು ತಂಗುದಾಣ, ಒಂದು ನಲ್ಲಿ, ಒಂದು ಬೆಂಚು. ಅಲ್ಲಿಂದಾಚೆ ಮರಗಳು. ಮುಂದಿನ ಭಾನುವಾರ ಅವಳು ಮಾವನನ್ನು ತನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು.

"ಮುಂದೆ ತಿರುವಿದೆ, ಗೇರು ಇಳಿಸಮ್ಮ."

"ಮಾವ, ಚಾಲಕರ ಜೊತೆ ಮಾತಾಡಬಾರದು ಅಂತ ನೀವೇ ಬರೆದ ಅಕ್ಷರ ನಿಮ್ಮ ತಲೆ ಮೇಲಿದೆ."

ಮಾವ ತಲೆಯೆತ್ತಿ ನೋಡಿದರು. "ಅದು ಬೇರೆಯವರಿಗೆ ಬರೆದದ್ದು," ಎಂದರು.

ಅದೇ ಬಸ್ಸಿನಲ್ಲಿ ಹನ್ನೊಂದು ಜನರ ಗುಂಪೊಂದು ಇತ್ತು. ಪ್ರತಿ ಭಾನುವಾರ ಕಾಡು ನಡೆಯುವ ಸಂಘ. ಕಾರ್ಯದರ್ಶಿ ನಿವೃತ್ತರಾದ ಒಬ್ಬ ಹಲ್ಲಿನ ಡಾಕ್ಟರಮ್ಮ. ನಲವತ್ತು ವರ್ಷ ಎದುರಿನವರ ಬಾಯಿ ತೆರೆಸಿಟ್ಟು ತಾವೊಬ್ಬರೇ ಮಾತಾಡಿ ಅಭ್ಯಾಸವಾದವರು. ಆದ್ದರಿಂದ ಸಂಘದಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಸಂಘಕ್ಕೆ ಇದ್ದದ್ದು ಒಂದೇ ನಿಯಮ: ಬಸ್ಸಿನಲ್ಲಿ ಬರಬೇಕು, ಬಸ್ಸಿನಲ್ಲೇ ಹೋಗಬೇಕು. ಅದಕ್ಕೆ ಅವರು ಕೊಡುವ ಕಾರಣ ಇದು. ಕಾರಿನಲ್ಲಿ ಬಂದವನು ಎಷ್ಟು ದೂರ ನಡೆದರೂ ಕಟ್ಟಿಹಾಕಿದ ಕರುವಿನ ಹಾಗೆ ಮತ್ತೆ ಆ ಕಾರಿನ ಹತ್ತಿರವೇ ಬರಬೇಕು. ಬಸ್ಸಿನವನಿಗೆ ಆ ಹಂಗಿಲ್ಲ. ಒಂದು ಕಡೆ ಕಾಡು ಹೊಕ್ಕು ಇನ್ನೊಂದು ಕಡೆ ಹೊರಬರಬಹುದು. ಇಪ್ಪತ್ತೇಳರಲ್ಲಿ ಇಳಿದು ಒಂಬತ್ತು ಕಿಲೋಮೀಟರು ನಡೆದರೆ ಆಚೆ ಮಗ್ಗುಲಲ್ಲಿ ಒಂದು ಮರದ ಮಿಲ್ಲು. ಮಿಲ್ಲಿನ ಗೇಟಿಗೆ ನಲವತ್ತನೇ ನಂಬರಿನ ಬಸ್ಸು ಬರುತ್ತದೆ. ಅದನ್ನು ಹತ್ತಿದರೆ ಮನೆ.

ಮಾವ ಅವರ ಜೊತೆ ಹೋದರು. ಸಂಜೆ ಮನೆಗೆ ಬಂದವರು ಕೈಕಾಲು ಕೂಡ ತೊಳೆಯದೆ ಹೇಳಿದ್ದು ಇಷ್ಟು: "ಆ ಕಾಡಲ್ಲಿ ಒಂದು ಬೋರ್ಡಿಲ್ಲ. ಪ್ರತಿ ಕವಲಲ್ಲೂ ಹನ್ನೊಂದು ಜನ ಹದಿಮೂರು ದಾರಿ ತೋರಿಸ್ತಾರೆ. ಆ ಡಾಕ್ಟರಮ್ಮ ಅಂತೂ ದಿಕ್ಕೂಚಿ ಹಿಡಿದು ಬಾಯಿ ಬಿಡಿ ಅಂತಾರೆ."

"ಅದು ದಿಕ್ಸೂಚಿ, ಅಪ್ಪ," ಅಂದ ಮಗ. ಅವನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಯಾವುದನ್ನೂ ತಿದ್ದದೆ ಬಿಡುವುದಿಲ್ಲ. ಅಪ್ಪನ ಮಗನೇ.

"ನಾನೂ ಅದನ್ನೇ ಹೇಳಿದ್ದು," ಅಂದರು ಮಾವ.

ಆ ಕಾಡಿನ ಉಸ್ತುವಾರಿ ಒಬ್ಬ ರೇಂಜರಳದು. ವಯಸ್ಸು ಮೂವತ್ತರ ಒಳಗೆ, ಕಾಗದವಿಲ್ಲದೆ ಎಲೆ ಕೂಡ ಉದುರಬಾರದು ಎನ್ನುವಷ್ಟು ಕಟ್ಟುನಿಟ್ಟು. ಮಾವ ಮರಗಳ ಮೇಲೆ ದಾರಿಯ ಗುರುತು ಬರೆಯುವುದಕ್ಕೆ ಡಾಕ್ಟರು ಅರ್ಜಿ ಕೊಟ್ಟು ಅವಳಿಂದ ಅನುಮತಿ ತಂದರು. ಮೊಳೆ ಹೊಡೆಯಬಾರದು, ತೊಗಟೆ ಕೆತ್ತಬಾರದು, ಹಳದಿ ಬಿಟ್ಟು ಬೇರೆ ಬಣ್ಣ ಬಳಸಬಾರದು. ಮಾವ ಎಲ್ಲದಕ್ಕೂ ತಲೆಯಾಡಿಸಿ ಬಣ್ಣದ ಡಬ್ಬಿಗೆ ಬಟ್ಟೆ ಸುತ್ತಿ ಬಗಲಿಗೆ ಹಾಕಿಕೊಂಡರು. ಮರದ ಮೇಲಿನ ಪಾಚಿಯನ್ನು ಗಡುಸು ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ಕಣ್ಣಿನ ಎತ್ತರಕ್ಕೆ ಒಂದು ಗೇಣುದ್ದದ ಪಟ್ಟಿ. ತಿರುವಿದ್ದರೆ ತಿರುವಿಗೆ ಮುಂಚೆ ಒಂದು, ತಿರುಗಿದ ಮೇಲೆ ಇನ್ನೊಂದು. ಒಂದು ಗುರುತಿನ ಬುಡದಲ್ಲಿ ನಿಂತರೆ ಮುಂದಿನದು ಕಾಣಲೇಬೇಕು. ಮೂರು ತಿಂಗಳಲ್ಲಿ ಮುನ್ನೂರ ಹದಿನೆಂಟು ಮರ. ಪ್ರತಿ ಸಲವೂ ಸೊಸೆಯ ಬಸ್ಸಿನಲ್ಲಿ ಹೋಗಿ, ಬರೆಯುತ್ತ ಬರೆಯುತ್ತ ಕಾಡು ದಾಟಿ, ಮಿಲ್ಲಿನ ಗೇಟಿನಿಂದ ನಲವತ್ತರಲ್ಲಿ ವಾಪಸು. ಹೋದ ದಾರಿಯಲ್ಲಿ ಅವರು ಒಮ್ಮೆಯೂ ತಿರುಗಿ ಬಂದವರಲ್ಲ. ಬರಬೇಕಾದ ಅಗತ್ಯವೂ ಬೀಳಲಿಲ್ಲ.

ದಾರಿ ಬಾಯಿಂದ ಬಾಯಿಗೆ ಹರಡಿತು. ಮಕ್ಕಳನ್ನು ಹೊತ್ತ ಅಪ್ಪಂದಿರು, ಕಾಲೇಜಿನವರು, ಮಂಡಿನೋವಿನವರು, ಎಲ್ಲರೂ ಬಂದರು. ಭಾನುವಾರಕ್ಕೆ ಇಪ್ಪತ್ತೇಳರ ಎರಡನೇ ಟ್ರಿಪ್ಪು ಶುರುವಾಯಿತು. ಮಾವ ತಿಂಗಳಿಗೊಮ್ಮೆ ಹೋಗಿ ಮಸುಕಾದ ಪಟ್ಟಿಗಳಿಗೆ ಹೊಸ ಬಣ್ಣ ಕೊಟ್ಟು ಬರುತ್ತಿದ್ದರು. ಮನೆಯಾಚೆ, ಊರಲ್ಲಿ, ಅವರು ಬರೆದ ಒಂದು ಅಕ್ಷರವೂ ಉಳಿದಿರಲಿಲ್ಲ, ಸೊಸೆಯ ಬಸ್ಸಿನೊಳಗಿನ ಆ ಒಂದು ಸಾಲು ಬಿಟ್ಟರೆ. ಅವರ ಕೈಯ ಕೆಲಸ ಎಂದು ಈಗ ಇದ್ದದ್ದು ಆ ಮುನ್ನೂರ ಹದಿನೆಂಟು ಹಳದಿ ಪಟ್ಟಿ ಮಾತ್ರ. ಇದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವ ಪೈಕಿಯೂ ಅಲ್ಲ. ಆದರೆ ಸೊಸೆಗೆ ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತದೆ. ಕಾಡಿನ ಮೊದಲ ಮರ ಕಂಡೊಡನೆ ಮಾವ ನೆಟ್ಟಗೆ ಕೂರುವುದೂ ಕಾಣುತ್ತಿತ್ತು.

ಎರಡು ವರ್ಷ ಹೀಗೆ ನಡೆದ ಮೇಲೆ ಮರದ ಮಿಲ್ಲು ಮುಚ್ಚಿತು. ಮಿಲ್ಲಿಲ್ಲದ ಮೇಲೆ ಭಾನುವಾರ ನಲವತ್ತು ಹತ್ತುವವರಾರು? ಪಕ್ಕದಲ್ಲೊಂದು ಶಾಲೆ ಇದ್ದುದರಿಂದ ವಾರದ ದಿನಗಳಲ್ಲಿ ಬಸ್ಸು ಉಳಿಯಿತು, ಭಾನುವಾರದ್ದು ನಿಂತಿತು. ನಡೆಯುವವರು ಇದನ್ನು ದೊಡ್ಡದು ಮಾಡಲಿಲ್ಲ. ಮಿಲ್ಲಿನ ಗೇಟಿನವರೆಗೆ ನಡೆದು, ಅಲ್ಲಿ ಊಟದ ಡಬ್ಬಿ ಬಿಚ್ಚಿ, ಅದೇ ದಾರಿಯಲ್ಲಿ ತಿರುಗಿ ಬಂದರಾಯಿತು. ಇಪ್ಪತ್ತೇಳರ ಕೊನೆಯ ಬಸ್ಸು ಐದು ಹತ್ತಕ್ಕೆ ಇದ್ದೇ ಇದೆ.

ಮೊದಲ ಭಾನುವಾರ ಐದು ಜನರ ಸಂಸಾರವೊಂದು ದಾರಿ ತಪ್ಪಿ ರೈಲ್ವೆ ಹಳಿಯ ಪಕ್ಕ ಹೊರಬಿತ್ತು. ಎರಡನೇ ಭಾನುವಾರ ಇಬ್ಬರು ಕಾಲೇಜು ಹುಡುಗಿಯರು ಹಳೆಯ ಕಲ್ಲುಕ್ವಾರಿಯ ಅಂಚಿಗೆ ಹೋಗಿ ನಿಂತಿದ್ದರು. ಮೂರನೇ ಭಾನುವಾರ ತಪ್ಪಿದ್ದು ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬ ಹೆಂಗಸು. ಈ ದಾರಿಯನ್ನು ಹತ್ತಾರು ಸಲ ನಡೆದವರು. ಅವರನ್ನು ರೇಂಜರೇ ಹುಡುಕಿ ಕರೆತಂದಳು. ಅಂದು ಸೊಸೆ ಬಸ್ಸನ್ನು ಇಪ್ಪತ್ತೈದು ನಿಮಿಷ ನಿಲ್ಲಿಸಿಕೊಂಡಿದ್ದಳು. ಆ ಹೆಂಗಸು ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಒಂದೇ ಕಾಲಿಗೆ ಬೂಟು ಹಾಕಿಕೊಂಡು ಹತ್ತಿ, ಮಾವನ ಸೀಟಿನಲ್ಲಿ ಕೂತರು.

"ಎಷ್ಟು ಸಲ ನಡೆದ ದಾರಿಯಮ್ಮ ಇದು," ಎಂದರು. "ತಲೆ ಕೈಕೊಡ್ತಾ ಇದೆ. ನಮ್ಮಮ್ಮನಿಗೂ ಹೀಗೇ ಶುರುವಾಗಿತ್ತು. ಇನ್ನು ಕಾಡು ಸಾಕು ನನಗೆ."

ಮರುದಿನ ತಂಗುದಾಣದ ಗೋಡೆಯಲ್ಲಿ ರೇಂಜರಳ ನೋಟೀಸು ಕಂಡಿತು. ತಿಂಗಳ ಕೊನೆಯ ಭಾನುವಾರ ದಾರಿಯ ಪರೀಕ್ಷೆ. ಅಂದು ಸುರಕ್ಷಿತವೆಂದು ಕಾಣದಿದ್ದರೆ ದಾರಿ ಮುಚ್ಚಿ, ಮರಗಳ ಮೇಲಿನ ಗುರುತುಗಳನ್ನು ಕೆರೆದು ತೆಗೆಸಲಾಗುವುದು.

ಅಂದಿನ ರಾತ್ರಿಯೂಟಕ್ಕೆ ಬೇರೆ ಮಾತೇ ಇರಲಿಲ್ಲ.

"ಎರಡು ವರ್ಷ ಸಾವಿರ ಜನ ನಡೆದರು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ," ಎಂದು ಮಾವ ತಟ್ಟೆಯ ಅಂಚು ಬಡಿದರು. "ಈಗ ಬರೋರು ಕಣ್ಣು ಮನೇಲಿಟ್ಟು ಬರ್ತಾರೆ."

"ಅಪ್ಪ, ಮೂರು ವಾರ, ಮೂರು ಗುಂಪು," ಅಂದ ಮಗ. "ನಮ್ಮ ಲ್ಯಾಬಲ್ಲಿ ಮೂರು ಸಲ ಒಂದೇ ಫಲಿತಾಂಶ ಬಂದರೆ ಮಿಷನ್ನೇ ಕೆಟ್ಟಿದೆ ಅಂತೀವಿ."

"ನಿನ್ನ ಮಿಷನ್ನು ಕೆಟ್ಟಿರಬಹುದು. ನನ್ನ ಗುರುತು ಕೆಟ್ಟಿಲ್ಲ."

ಬುಧವಾರ ಸೊಸೆಗೆ ರಜೆ. ಮನೆಯಲ್ಲಿ ಯಾರಿಗೂ ಹೇಳದೆ ನಲವತ್ತರ ಬಸ್ಸು ಹತ್ತಿ ಮಿಲ್ಲಿನ ಗೇಟಿನಲ್ಲಿ ಇಳಿದಳು. ತಪ್ಪಿದವರೆಲ್ಲ ತಪ್ಪಿದ್ದು ವಾಪಸು ಬರುವಾಗ. ಹಾಗಾದರೆ ವಾಪಸು ಬರುವುದನ್ನೇ ನೋಡೋಣ ಎಂದುಕೊಂಡಳು. ನೂರು ಹೆಜ್ಜೆ ನಡೆದಳು. ಮೊದಲ ಕವಲು ಬಂತು. ಎಡಕ್ಕೋ ಬಲಕ್ಕೋ? ಯಾವ ಮರದ ಮೇಲೂ ಏನೂ ಇಲ್ಲ. ಏನೋ ಹೊಳೆದು ಹಿಂತಿರುಗಿದಳು. ಅವಳು ಈಗಷ್ಟೇ ದಾಟಿ ಬಂದ ಮರಗಳಲ್ಲಿ ಒಂದಾದ ಮೇಲೊಂದು ಹಳದಿ ಪಟ್ಟಿ, ಹೊಳೆಹೊಳೆಯುತ್ತ, ಮಿಲ್ಲಿನ ಕಡೆಗೆ ದಾರಿ ತೋರಿಸುತ್ತಿದ್ದವು. ಹೋಗುವವನ ಮುಖಕ್ಕೆ ಗುರುತು. ಬರುವವನಿಗೆ ಬರೀ ತೊಗಟೆ.

ಆ ನಿರ್ಜನದಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಇದನ್ನು ಮಾವನಿಗೆ ಹೇಳುವವರು ಯಾರು?

ಸಂಜೆ ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದಳು. ಅತ್ತೆ ಸೌಟನ್ನು ಕೆಳಗಿಟ್ಟು, ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮೂವತ್ತೊಂದು ವರ್ಷ ಬಸ್ಸಿನ ಮುಂದೂ ಬರೆದು ಹಿಂದೂ ಬರೆದ ಮನುಷ್ಯ! ಮರಕ್ಕೆ ಬೆನ್ನಿರೋದು ಮರೆತರಾ?"

"ನೀವೇ ಒಂದು ಮಾತು ಹೇಳಿ ಅತ್ತೆ."

"ನಾನಾ? ನನಗಿನ್ನೂ ನಾಲ್ಕು ದಿನ ಬದುಕೋ ಆಸೆ ಇದೆ. ನೀನೇ ಹೇಳು, ನಿನ್ನ ಕಂಡರೆ ಒಂಚೂರು ಭಯ ಅವರಿಗೆ."

"ಹೇಳಿದರೆ ಜಗ್ಗೋರಲ್ಲ. ಕಣ್ಣಾರೆ ನೋಡ್ಬೇಕು."

ಅವಳು ಹೂಡಿದ ಉಪಾಯ ದೊಡ್ಡದೇನಲ್ಲ. ಮಾವನ ಎದುರು, ಮಿಲ್ಲಿನ ಕಡೆಯ ಪಟ್ಟಿಗಳಿಗೆ ಪಾಚಿ ಹತ್ತಿ ಕಾಣುತ್ತಿಲ್ಲವೆಂದು ಹಲ್ಲಿನ ಡಾಕ್ಟರು ಹೇಳುತ್ತಿದ್ದರೆಂದಳು. ಮಾವನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ನನ್ನ ಪಟ್ಟಿಗೆ ಪಾಚಿಯಾ? ಆಯಮ್ಮನಿಗೆ ಕನ್ನಡಕ ಬದಲಿಸೋಕೆ ಹೇಳು!" ಎಂದವರು ಮುಂದಿನ ಬುಧವಾರ ಬೆಳಿಗ್ಗೆಯೇ ಬ್ರಷ್ಷು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಿಲ್ಲಿನ ಕಡೆಯಿಂದ ಶುರುಮಾಡಿ ಇಪ್ಪತ್ತೇಳರ ಕಡೆಗೆ ಹೋಗೋಣ, ಹತ್ತಿರವಾಗುತ್ತದೆ ಎಂದು ಸೊಸೆ ಅಂದಳು. ಮಾವ ಹೂಂ ಅಂದರು.

ಗೇಟಿನಿಂದ ಮಾವ ಮುಂದೆ, ಸೊಸೆ ಹಿಂದೆ. ಮೊದಲ ಕವಲಿನಲ್ಲಿ ಮಾವ ಒಂದು ಗಳಿಗೆಯೂ ನಿಲ್ಲದೆ ಎಡಕ್ಕೆ ನುಗ್ಗಿದರು. ಸರಿಯಾದ ದಾರಿ ಬಲಕ್ಕಿತ್ತು. ಸೊಸೆ ತುಟಿ ಬಿಗಿಹಿಡಿದು ಹಿಂಬಾಲಿಸಿದಳು. ದಾರಿ ಕಿರಿದಾಯಿತು, ಮುಳ್ಳಾಯಿತು, ಮೆತ್ತಗಾಯಿತು. ಮಾವನ ಎಡಗಾಲು ಕೆಸರಿನಲ್ಲಿ ಪಚಕ್ಕೆಂದು ಇಳಿಯಿತು. ಎದುರಿಗೆ ತಂತಿಬೇಲಿ.

"ಇಲ್ಲೊಂದು ಮರ ಇತ್ತು," ಎಂದರು.

"ಮರ ಬೇಕಾದಷ್ಟಿವೆಯಲ್ಲ ಮಾವ."

"ಗುರುತಿದ್ದ ಮರ."

"ಅದು ಎದ್ದು ಹೋಗಿರೋದಿಲ್ಲ ಬಿಡಿ."

ಮಾವ ಕಾಲು ಕಿತ್ತುಕೊಂಡು ಕವಲಿಗೆ ಹಿಂದಿರುಗಿದರು. ಬಲಕ್ಕೆ ತಿರುಗಿ ಹತ್ತು ಹೆಜ್ಜೆ ಹೋದರು. ಅಲ್ಲಿ ಬೂಟಿನ ಕೆಸರು ಕೆರೆಯಲೆಂದು ಒಂದು ಮರಕ್ಕೆ ಕೈಯೂರಿ ಹಿಂದಕ್ಕೆ ತಿರುಗಿದರು. ಆಗ ಕಂಡಿತು. ತಮ್ಮ ಅಂಗೈ ಬರೀ ತೊಗಟೆಯ ಮೇಲಿತ್ತು. ಅದೇ ಮರದ ಆಚೆ ಬದಿಯಲ್ಲಿ ಹಳದಿಯ ಅಂಚು. ತಾವು ದಾಟಿ ಬಂದ ಮರದ ಮೇಲೆ ಇನ್ನೊಂದು. ಮಾವ ಆ ಬದಿಗೆ ಹೋಗಿ ನೋಡಿದರು, ಈ ಬದಿಗೆ ಬಂದು ನೋಡಿದರು. ಮರವನ್ನು ಎರಡು ಸುತ್ತು ಸುತ್ತಿದರು. ಸೊಸೆ ತನ್ನ ಬಾಟಲಿಯ ಮುಚ್ಚಳ ತೆಗೆಯುವುದರಲ್ಲಿ ತುಂಬಾ ಮಗ್ನಳಾದಳು.

"ಹೊತ್ತಾಗುತ್ತೆ, ನಡಿ," ಎಂದರು ಮಾವ ಕೊನೆಗೆ.

ಉಳಿದ ಹೆಚ್ಚುಕಡಿಮೆ ಒಂಬತ್ತು ಕಿಲೋಮೀಟರು ಅವರು ನಡೆದದ್ದು ನಡಿಗೆಯಲ್ಲ. ಹತ್ತು ಹೆಜ್ಜೆ ಮುಂದೆ, ಒಂದು ಸಲ ಹಿಂದಕ್ಕೆ ತಿರುಗಿ ನೋಟ, ಮತ್ತೆ ಹತ್ತು ಹೆಜ್ಜೆ. ಕೆಲವು ಕಡೆ ಗುರುತು ಸಿಗದೆ ಮುಖ ಹಿಂದಕ್ಕೆ ಮಾಡಿಕೊಂಡು ಹಿಮ್ಮುಖವಾಗಿಯೇ ನಡೆದರು, ರಿವರ್ಸಿನಲ್ಲಿ ಬರುವ ಬಸ್ಸಿನ ಹಾಗೆ. ಒಂದು ಕಡೆ ಸೊಸೆಗೆ ತಡೆಯಲಾಗಲಿಲ್ಲ.

"ಬರ್ಲಿ, ಬರ್ಲಿ, ಬರ್ಲಿ... ಎಡಕ್ಕೆ ಒಂಚೂರು... ಹೋಲ್ಡಾನ್! ಹಿಂದೆ ಬೇರಿದೆ."

ಮಾವ ನಗಲಿಲ್ಲ. ಆದರೆ ನಿಂತರು.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತರು. ನೀರಿನ ಟ್ಯಾಂಕು ಬಂದಾಗ ಗಂಟಲು ಸರಿಮಾಡಿಕೊಂಡರು. "ಮೊದಲನೇ ಹಂತ ಮುಗಿದಿತ್ತು. ಎರಡನೇ ಹಂತ ಬಾಕಿ ಉಳಿದಿತ್ತು. ನನಗೆ ಮೊದಲಿಂದಲೂ ಯೋಚನೆ ಇದ್ದೇ ಇತ್ತು."

"ಏನು ಎರಡನೇ ಹಂತ ಮಾವ?"

"ಆ ಕಡೆ ಬದಿ."

"ಓಹೋ," ಎಂದಳು ಸೊಸೆ.

ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಮೂರು ತಿಂಗಳ ಕೆಲಸವನ್ನು ಹನ್ನೊಂದು ದಿನದಲ್ಲಿ ಮುಗಿಸಬೇಕು. ಮಾವ ದಿನವೂ ಬೆಳಗಿನ ಬಸ್ಸಿಗೆ ಹೊರಟರು. ಸಂಘದವರು ಪಾಚಿ ತಿಕ್ಕಲು ಬಂದರು. ಮಗ ಎರಡು ದಿನ ರಜೆ ಹಾಕಿ ಡಬ್ಬಿ ಹೊತ್ತ. ಅತ್ತೆ ಎಲ್ಲರಿಗೂ ಊಟ ಕಟ್ಟಿ ಕೊಟ್ಟು, "ಬಕೆಟ್ಟಿನ ಮೇಲೆ ಬರೆಯೋದಕ್ಕಿಂತ ಇದು ವಾಸಿ" ಎಂದರು. ಒಂದು ದಿನ ಮಳೆ ಹಿಡಿದು ನಲವತ್ತು ಮರ ಹಾಳಾದವು. ಅವನ್ನು ಮತ್ತೆ ತಿಕ್ಕಿ ಮತ್ತೆ ಬರೆಯಬೇಕಾಯಿತು. ಮಾವನ ನಾಲಿಗೆ ಮಾತ್ರ ಎಂದಿನ ಹಾಗೇ ಇತ್ತು.

"ಹಲ್ಲು ಉಜ್ಜಿದ ಹಾಗೆ ಉಜ್ಜಬೇಡಿ ಡಾಕ್ಟ್ರೇ. ಮರಕ್ಕೆ ವಸಡಿಲ್ಲ."

"ನಿಮ್ಮಂಥ ರೋಗಿಗಳಿಗೆ ಅರಿವಳಿಕೆ ಕೊಡದೇ ಕಿತ್ತುಬಿಡ್ತಿದ್ದೆ ನಾನು," ಅಂದರು ಡಾಕ್ಟರು. ಅವರು ಪೆದ್ದರಲ್ಲ. ಕೈಲಿದ್ದ ಮರವನ್ನು ತಿಕ್ಕಿ ಮುಗಿಸಿ ಕೇಳಿದರು. "ಅಲ್ಲ ಯಜಮಾನ್ರೇ, ಎರಡನೇ ಹಂತ ಅಂತ ಒಂದಿದೆ ಅಂತ ಮೊದಲೇ ಹೇಳಿದ್ದರೆ ಆ ಪೋಸ್ಟಾಫೀಸಿನ ಅಮ್ಮ ಕೆಸರಿಗೆ ಬೀಳ್ತಿರಲಿಲ್ಲ ಅಲ್ವಾ? ಪಾಪ, ಮನೆ ಬಿಟ್ಟು ಹೊರಗೇ ಬರ್ತಿಲ್ಲವಂತೆ. ತನಗೆ ಮರೆವು ಹಿಡೀತು ಅಂತ ತಲೆಗೆ ಹಚ್ಚಿಕೊಂಡಿದ್ದಾರೆ."

ಮಾವನ ಬ್ರಷ್ಷು ಒಂದು ಸಲ ನಿಂತಿತು. "ನೋಡಿಕೊಂಡು ನಡೀಬೇಕಿತ್ತು ಅವರು," ಎಂದು ಮುಂದಿನ ಮರಕ್ಕೆ ಹೋದರು.

ಸೊಸೆ ಅಂದು ಟ್ರಿಪ್ಪಿನ ನಡುವಿನ ಬಿಡುವಿನಲ್ಲಿ ಅಲ್ಲೇ ಇದ್ದಳು. ಅಷ್ಟು ದಿನ ಮಾವನ ಮೊಂಡುತನವನ್ನು ನಗೆಯಲ್ಲೇ ಕಳೆದಿದ್ದವಳಿಗೆ ಅಂದು ನಗು ಬರಲಿಲ್ಲ. ಆ ಹೆಂಗಸು ಒಂದೇ ಬೂಟಿನಲ್ಲಿ ಬಸ್ಸು ಹತ್ತಿದ್ದನ್ನು ಕಂಡವಳು ಅವಳು. ವಾಪಸು ಬರುವಾಗ ಮಾವನಿಗೆ ಬೆನ್ನ ಹಿಂದಿನ ಸೀಟು ಬಿಡದೆ, ಬೇಕೆಂದೇ ಅಲ್ಲಿ ಬಣ್ಣದ ಡಬ್ಬಿ ಕೂರಿಸಿದಳು. ಮಾವ ಕೊನೆಯ ಸಾಲಿಗೆ ಹೋಗಿ ಕೂತರು.

ಪರೀಕ್ಷೆಯ ಭಾನುವಾರ ರೇಂಜರು ಒಂದು ಜಾಣತನ ಮಾಡಿದಳು. ಬೇರೆ ಕಾಡಿನಿಂದ, ಈ ದಾರಿಯನ್ನು ಕನಸಲ್ಲೂ ಕಾಣದ ಒಬ್ಬ ಗಾರ್ಡನ್ನು ಕರೆಸಿ, ಮಧ್ಯಾಹ್ನ ಒಂದು ಗಂಟೆಗೆ ಜೀಪಿನಲ್ಲಿ ಮಿಲ್ಲಿನ ಗೇಟಿಗೆ ಬಿಟ್ಟಳು. ನಕ್ಷೆ ಇಲ್ಲ, ಫೋನಿಲ್ಲ. ಐದು ಹತ್ತರ ಬಸ್ಸು ಹೊರಡುವುದರೊಳಗೆ ಆತ ಕೊನೆಯ ಸ್ಟಾಪಿಗೆ ಬಂದರೆ ದಾರಿ ಉಳಿಯಿತು. ಬರದಿದ್ದರೆ ಸೋಮವಾರ ಕೆರೆಯುವ ಆಳುಗಳು ಬರುತ್ತಾರೆ.

ನಾಲ್ಕೂವರೆಗೆ ಸೊಸೆ ಬಸ್ಸು ತಂದು ನಿಲ್ಲಿಸಿದಾಗ ಸಂಘದವರೆಲ್ಲ ಅಲ್ಲೇ ಇದ್ದರು. ಒಂಬತ್ತು ಕಿಲೋಮೀಟರಿಗೆ ಮೂರು ಗಂಟೆ ಧಾರಾಳ. ನಾಲ್ಕು ಗಂಟೆಗೇ ಬರಬೇಕಾಗಿತ್ತು ಆತ. ಮಾವ ಬೆಂಚಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ಅರ್ಧ ಗಂಟೆಯಿಂದ ಒಂದು ಪುಟವನ್ನೂ ಮಗುಚಿರಲಿಲ್ಲ. ಐದಾಯಿತು. ಡಾಕ್ಟರು ನಲ್ಲಿಯಿಂದ ತಂಗುದಾಣಕ್ಕೆ, ತಂಗುದಾಣದಿಂದ ನಲ್ಲಿಗೆ ಓಡಾಡಿದರು. ಐದೂ ಐದಕ್ಕೆ ರೇಂಜರು ಗಡಿಯಾರ ನೋಡಿಕೊಂಡಳು. ಮಾವ ಪತ್ರಿಕೆ ಮಡಚಿ ಮಂಡಿಯ ಮೇಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟು ಕೂತರು. ಉಗುರುಗಳ ಸಂದಿಯಲ್ಲಿ ಹಳದಿ ಇನ್ನೂ ಹೋಗಿರಲಿಲ್ಲ. ಸೊಸೆ ಇಂಜಿನ್ ಶುರುಮಾಡದೆ, ಶುರುಮಾಡಬೇಕಾದ ಹೊತ್ತನ್ನು ಎಣಿಸುತ್ತ, ಮರಗಳ ಕಡೆಗೇ ನೋಡುತ್ತಿದ್ದಳು.

ಐದೂ ಏಳಕ್ಕೆ ಗಾರ್ಡು ಹುಲ್ಲುಕಡ್ಡಿ ಕಚ್ಚಿಕೊಂಡು ಆರಾಮವಾಗಿ ಹೊರಬಂದ.

"ಎಲ್ಲಿ ತಪ್ಪಿಸಿಕೊಂಡ್ರಿ?" ಎಂದು ಡಾಕ್ಟರು ಹಾರಿಬಿದ್ದರು.

"ತಪ್ಪಿಸಿಕೊಳ್ಳೋಕೆ ಎಲ್ಲಿ ಬಿಡ್ತೀರಿ? ಎತ್ತ ನೋಡಿದರೂ ಹಳದಿ! ಮಧ್ಯೆ ಒಂದು ನಿದ್ದೆ ಹೊಡೆದೆ, ಅಷ್ಟೇ. ನೆರಳು ಚೆನ್ನಾಗಿತ್ತು."

ಗುಂಪಿನಲ್ಲಿ ಹೋ ಎಂದು ಗದ್ದಲವೆದ್ದಿತು. ಯಾರೋ ಮಾವನ ಬೆನ್ನು ತಟ್ಟಿದರು. ಮಾವ, "ಎರಡನೇ ಹಂತಾನೂ ಮುಗೀತು," ಎಂದರು, ಎಲ್ಲರಿಗೂ ಕೇಳಿಸುವಂತೆ. ಸೊಸೆ ತುಟಿಯಂಚಿನಲ್ಲಷ್ಟೇ ನಕ್ಕಳು.

ರೇಂಜರು ಬಸ್ಸಿನ ಮೆಟ್ಟಿಲಿನ ಮೇಲೆ ತನ್ನ ನಮೂನೆ ಹರಡಿದಳು. ಗಾಳಿಗೆ ಹಾರದಂತೆ ಸೊಸೆ ಕೆಳಗಿಳಿದು ಒಂದು ಮೂಲೆ ಹಿಡಿದುಕೊಂಡಳು. ದಾರಿ ತೆರೆದಿರಬಹುದು ಎಂದು ರೇಂಜರು ಬರೆದು ಸಹಿ ಹಾಕಿದಳು. "ಯಜಮಾನ್ರೇ, ಗುರುತು ಬರೆದವರು ಅಂತ ನೀವಿಲ್ಲೊಂದು ಸಹಿ ಹಾಕಿ. ಉಳಿದದ್ದೆಲ್ಲ ನಾನೇ ತುಂಬಿದ್ದೀನಿ."

ಮಾವ ಕನ್ನಡಕ ಹಾಕಿಕೊಂಡು ಮೇಲಿನಿಂದ ಓದತೊಡಗಿದರು. ಹಿಂದಿನ ಮೂರು ಘಟನೆಗಳಿಗೆ ಕಾರಣ ಬರೆಯುವ ಜಾಗದಲ್ಲಿ ರೇಂಜರು ಮೊದಲನೆಯದಕ್ಕೆ "ನಡೆಯುವವರ ಅಜಾಗ್ರತೆ" ಎಂದು ಬರೆದಿದ್ದಳು. ಎರಡನೆಯದಕ್ಕೂ ಅದೇ. ಮೂರನೆಯದಕ್ಕೆ "ವಯೋಸಹಜ ಮರೆವು".

"ಮಾವ, ಐದೂ ಹತ್ತಾಯ್ತು. ಬೇಗ ಹಾಕಿ," ಎಂದಳು ಸೊಸೆ.

ಮಾವ ರೇಂಜರಳ ಕೈಯಿಂದ ಪೆನ್ನು ತೆಗೆದುಕೊಂಡರು. ಮೂರೂ ಕಾರಣಗಳ ಮೇಲೆ, ಅಳತೆಪಟ್ಟಿ ಇಟ್ಟು ಎಳೆದಂಥ ಮೂರು ಗೆರೆ ಎಳೆದರು. ಮೇಲೆ ಉಳಿದ ಜಾಗದಲ್ಲಿ, ಒಂದೊಂದು ಅಕ್ಷರವನ್ನೂ ದಪ್ಪಗೆ ತಿದ್ದುತ್ತ ಬರೆದರು: ಗುರುತು ಮರದ ಒಂದೇ ಬದಿಗೆ ಇತ್ತು. ಬರೆದವನ ತಪ್ಪು. ಕೆಳಗೆ ಸಹಿ ಹಾಕಿದರು.

ಮೂಲೆ ಹಿಡಿದಿದ್ದ ಸೊಸೆಯ ಕೈ ಅಲ್ಲೇ ಉಳಿಯಿತು. ರೇಂಜರು ಬಗ್ಗಿ ಓದಿದಳು, ಇನ್ನೊಮ್ಮೆ ಓದಿದಳು.

"ಇದು ದಾಖಲೆ ಯಜಮಾನ್ರೇ. ನಿಮ್ಮ ಹೆಸರಿಗೆ ಬೀಳುತ್ತೆ. ಮೂರನೇ ಕಾರಣ ಒಂದನ್ನ ಬೇಕಾದರೆ ತೆಗೀತೀನಿ, ಉಳಿದೆರಡು ಹಾಗೇ ಇರಲಿ ಬಿಡಿ."

"ನಿಮ್ಮ ಬರವಣಿಗೆ ಯಾರಿಗೆ ಅರ್ಥವಾಗುತ್ತೆ?" ಎಂದರು ಮಾವ. "ಓದೋ ಹಾಗೆ ಬರೆದುಕೊಟ್ಟೆ, ಅಷ್ಟೇ."

ರೇಂಜರು ಕಾಗದ ಎತ್ತಿಕೊಳ್ಳಲು ಕೈ ಚಾಚಿದಳು. ಮಾವ ಅವಳ ಕೈಯನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಆ ಎರಡು ಸಾಲಿನ ಮೇಲೆ ಮೆಲ್ಲಗೆ ಉಫ್ ಎಂದು ಊದಿದರು.

"ಹೆಬ್ಬೆರಳು ಆ ಕಡೆ ಇಡಿ," ಎಂದರು. "ಇನ್ನೂ ಹಸಿ ಇದೆ."